ಈ ಎಲೆ ಊಟಕ್ಕೆ ಬರುತ್ತಾ, ಮದ್ದಿಗೆ ಬರುತ್ತಾ?

ತೀರ್ಥಹಳ್ಳಿಯ ಅತ್ತಿಗೆ ಹೋದ ವರ್ಷ ಜಗಲಿ ಗೋಡೆಗೆ ವಾಲ್‌ಪೇಪರ್ ಹಾಕಿಸಿದರು. ದೊಡ್ಡ ದೊಡ್ಡ ಹಸಿರು ಎಲೆ, ಅಂಚೆಲ್ಲ ಸೀಳು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಇದ್ಯಾವ ಎಲೆ ಮಾರಾಯ್ತಿ? ಊಟಕ್ಕೆ ಬರುತ್ತಾ, ಮದ್ದಿಗೆ ಬರುತ್ತಾ?"

ಅದು ಮಾನ್‌ಸ್ಟೆರಾ, ಮೆಕ್ಸಿಕೋ ಕಡೆಯ ಕಾಡಿನ ಬಳ್ಳಿ. ಆಷಾಢ ಮುಗಿಯುವಷ್ಟರಲ್ಲಿ ಹಾಳೆ ಮೂಲೆಯಿಂದ ಎದ್ದು ಬಂತು. ನಮ್ಮ ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮೆತ್ತಿದರೆ ತೇವ ಹೋಗುವುದೆಲ್ಲಿಗೆ? ಅಂಟು ಸಡಿಲ, ಹಿಂದೆಲ್ಲ ಬೂಷ್ಟು.

ಆದರೆ ನನ್ನ ತಕರಾರು ಅಂಟಿನದಲ್ಲ, ಎಲೆಯದು.

ವಾಲ್‌ಪೇಪರ್ ವಿಷಯ ಬಂದರೆ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ಹೆಸರು ಬಂದೇ ಬರುತ್ತದೆ. ಅವರ 1875ರ ಅಕ್ಯಾಂಥಸ್ ಎಲೆಯ ಕಾಗದ ಅಚ್ಚು ಹಾಕಲು 30 ಮರದ ಅಚ್ಚುಗಳು ಬೇಕಾದವು. ಒಂದರ ಮೇಲೊಂದು ಒತ್ತುತ್ತಾ ಹೋದರೆ ಮಾತ್ರ ಎಲೆಯ ನೆರಳು, ಮಡಿಕೆ ಮೂಡುವುದು. ನನಗೆ ಜಾಸ್ತಿ ಇಷ್ಟ 1887ರ 'ವಿಲ್ಲೋ ಬೋ'. ಅದರಲ್ಲಿರುವುದು ಅವರ ಊರಿನ ಹೊಳೆದಂಡೆಯ ಮರ. ದಿನಾ ನೋಡಿದ ಎಲೆ. ನಾವು ಅವರಿಂದ ಕಲಿಯಬೇಕಿದ್ದರೆ ಆ ನೋಟ ಕಲಿಯಬೇಕು, ಅಲ್ವಾ? ಅವರ ಎಲೆ ನಮಗ್ಯಾಕೆ?

ಗೋಡೆಗೆ ಬರೆಯುವುದು ನಮಗೇನು ಹೊಸದಲ್ಲ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಗೆ ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆದು ಹಸೆ ಚಿತ್ತಾರ ಬರೆಯುತ್ತಾರೆ. ಇನ್ನು ಎಲೆಗೆ ಬರವಾ? ಕೆಸುವಿನ ಎಲೆ ನೋಡಿ, ನರಗಳೆಲ್ಲ ಒಂದು ಚುಕ್ಕಿಯಿಂದ ಹೊರಡುತ್ತವೆ. ಅಡಿಕೆ ಮರ ತಬ್ಬಿ ಹತ್ತುವ ಕಾಳುಮೆಣಸಿನ ಬಳ್ಳಿ ಸುಮ್ನೆ ಹಾಗೇ ಎತ್ತಿಟ್ಟರೆ ಸೀರೆಯ ಬಾರ್ಡರ್. ಚಿಕ್ಕವರಿದ್ದಾಗ ಒಂದು ಜಾತಿ ಜರೀಗಿಡದ ಎಲೆ ಮುಂಗೈ ಮೇಲಿಟ್ಟು ಪಟ್ ಅಂತ ಹೊಡೆಯುತ್ತಿದ್ದೆವು. ಎಲೆಯ ಹಿಂಬದಿಯ ಬಿಳಿ ಪುಡಿ ಗರಿ ಗರಿಯಾಗಿ ಕೈ ಮೇಲೆ ಮೂಡುತ್ತಿತ್ತು. ನಾನು ಮೊದಲು ಕಂಡ ಅಚ್ಚಿನ ಕೆಲಸ ಅದೇ.

ಹೆಗ್ಗೋಡಿನ ಹತ್ತಿರ ಚರಕ ಅನ್ನುವ ಕೈಮಗ್ಗದ ಮಹಿಳಾ ಸಹಕಾರ ಸಂಘದವರು ಅಡಿಕೆ ಬೇಯಿಸಿದ ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆ ಕಂದು ಬಟ್ಟೆ ಮೇಲೆ ನನಗೊಂದು ಕೆಸುವಿನ ಎಲೆ ಬೇಕು. ಹುಳ ತಿಂದ ತೂತಿನ ಸಮೇತ. ಅಚ್ಚು ಒಂದೆರಡು ಕಡೆ ಕೂದಲೆಳೆಯಷ್ಟು ಸರಿದಿದ್ದರೆ ಇನ್ನೂ ಒಳ್ಳೇದು.

ಅತ್ತಿಗೆ ಈಗ ಹಾಳೆ ಕಿತ್ತು ಸುಣ್ಣ ಹೊಡೆಸಿದ್ದಾರೆ. ಕಿಟಕಿಗೆ ಪರದೆ ನಾನು ಮಾಡಿಸಿಕೊಡುತ್ತೇನೆ ಅಂದಿದ್ದೇನೆ. ದೊಡ್ಡಮ್ಮ ಒಪ್ಪಿದ್ದಾರೆ. ಒಂದೇ ಷರತ್ತು: "ಪತ್ರೊಡೆಗೆ ಬರೋ ಕೆಸನ್ನೇ ಹಾಕ್ಸು. ನಾಲಿಗೆ ತುರಿಸೋ ಕಾಡುಕೆಸು ಬೇಡ."