ಕೆರೆ ಮೆಟ್ಟಿಲ ಮೇಲೆ ಔಷಧಿ ಕ್ಯಾನು

ನಮ್ಮೂರಲ್ಲಿ ಇರುವುದೇ 40 ಮನೆ. ಎಲ್ಲರಿಗೂ ಒಂದೇ ಕೆರೆ. ದನ ಕುಡಿಯುವುದು ಅಲ್ಲೇ, ಬಟ್ಟೆ ಒಗೆಯುವುದೂ ಅಲ್ಲೇ. ಆದರೂ ಮೆಣಸಿನ ಗಿಡಕ್ಕೆ ಔಷಧಿ ಹೊಡೆದು ಬಂದವರು 16 ಲೀಟರಿನ ಕ್ಯಾನನ್ನು ಸೀದಾ ಮೆಟ್ಟಿಲ ಮೇಲಿಟ್ಟು ತೊಳೆಯುತ್ತಾರೆ!

ಮೊನ್ನೆ ಹಸುಗೆ ನೀರು ಕುಡಿಸಲು ಹೋದೆ. ಮೆಟ್ಟಿಲ ಪಕ್ಕ ನೀರು ಮಜ್ಜಿಗೆ ಥರ ಬೆಳ್ಳಗಾಗಿತ್ತು. ಹಸು ಮೂತಿ ಇಟ್ಟು, ಬುಸ್ ಅಂತ ಹಿಂದೆ ಸರಿಯಿತು. ಕಲ್ಲಿನ ಸಂದಿಯಲ್ಲಿ ಖಾಲಿ ಬಾಟಲಿ, ಅದರ ಮೇಲೆ ಹಳದಿ ಮುಕ್ಕೋನ. ವಿಷ ಎಷ್ಟು ಅಂತ ತೋರಿಸುವ ಬಣ್ಣಗಳಲ್ಲಿ ಕೆಂಪು ಬಿಟ್ಟರೆ ಹಳದಿಯೇ ಜಾಸ್ತಿ ಕೆಟ್ಟದ್ದು. ನೀಲಿ, ಹಸಿರು ಆಮೇಲೆ. ನನಗೆ ಕೈಕಾಲು ನಡುಗಿತು.

ಪಕ್ಕದ ಮನೆಯವರನ್ನು ಕೇಳಿದರೆ, "ಇಷ್ಟು ದೊಡ್ಡ ಕೆರೆಗೆ ಏನಾಗುತ್ತೆ ಬಿಡಕ್ಕ" ಅಂದರು. ಬೇಸಿಗೆಯಲ್ಲಿ ಇದೇ ಕೆರೆ ಬತ್ತಿ ತೂಬಿನ ಹತ್ತಿರ ಒಂದು ಗುಂಡಿ ನೀರು ಉಳಿಯುತ್ತದೆ. ಅವರ ಎಮ್ಮೆಯೂ ಅದನ್ನೇ ಕುಡಿಯಬೇಕು, ಅಲ್ವಾ?

ಖಾಲಿ ಬಾಟಲಿಗೆ ಹೊಲದಲ್ಲೇ 3 ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಕ್ಯಾನಿಗೇ ಹಾಕಿ ಗಿಡಕ್ಕೆ ಹೊಡೆದರೆ ಔಷಧಿಯೂ ದಂಡವಾಗಲ್ಲ. ಕ್ಯಾನು ತೊಳೆಯಲು ಬೇಕಾದರೆ 2 ಬಿಂದಿಗೆ ನೀರು ನಾನೇ ಹೊತ್ತು ತಂದು ಹೊಲದ ಬದುವಿಗೆ ಇಡುತ್ತೇನೆ. ಮೆಟ್ಟಿಲಿಗೆ ಮಾತ್ರ ತರಬೇಡಿ.