ಕ್ಯಾಸಿನೋ ಹೋಟೆಲ್ ಬಂದರೆ ಊರಿಗೇನು ಸಿಗುತ್ತದೆ?

ನಿಮ್ಮ ಲೇಖನದಲ್ಲಿ, ಚಿಕ್ಕಮಗಳೂರಿಗೂ ಅಮೆರಿಕದ ಲಾಸ್ ವೇಗಸ್ ತರಹದ ಕ್ಯಾಸಿನೋ ಹೋಟೆಲ್ ಬಂದರೆ ಸುತ್ತಲಿನ ವ್ಯಾಪಾರವೆಲ್ಲ ಬೆಳೆಯುತ್ತದೆ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಅಂಥದ್ದೊಂದರಲ್ಲಿ ಉಳಿದಿದ್ದೆವು. ಲಿಫ್ಟ್‌ಗೆ ಹೋಗಲಿ, ಊಟಕ್ಕೆ ಹೋಗಲಿ, ಜೂಜಿನ ಸ್ಲಾಟ್ ಮಷೀನ್‌ಗಳ ನಡುವೆಯೇ ನಡೆಯಬೇಕು. ಆ ಹಾಲ್‌ನಲ್ಲಿ ಕಿಟಕಿ ಇಲ್ಲ, ಗಡಿಯಾರ ಇಲ್ಲ, ಸಿಗರೇಟ್ ಹೊಗೆ ಬೇರೆ. 21 ತುಂಬದವರು ಹಾದು ಹೋಗಬಹುದು, ನಿಲ್ಲುವಂತಿಲ್ಲ. ಮೊಮ್ಮಗನನ್ನು ಎಳೆದುಕೊಂಡು ಓಡಾಡಿದ್ದೇ ಆಯಿತು. ಲಾಸ್ ವೇಗಸ್ಸಿನ ಬೆಲ್ಲಾಜಿಯೋ ಹೋಟೆಲ್ ಮುಂದಿನ ಕಾರಂಜಿ ನಿಜಕ್ಕೂ ಚೆಂದ, ಆದರೆ ಅದನ್ನು ರಸ್ತೆಯಲ್ಲೇ ನಿಂತು ಪುಕ್ಕಟೆ ನೋಡಬಹುದು.

ಊಟ, ಅಂಗಡಿ, ಶೋ, ಈಜುಕೊಳ ಎಲ್ಲ ಒಳಗೇ ಇರುತ್ತದೆ. ಬಂದವರು ಹೊರಗೆ ಕಾಲಿಡಬಾರದು ಅಂತಲೇ ಹಾಗೆ ಕಟ್ಟಿರುವುದು. ಹಾಗಿರುವಾಗ ಎಂ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗೆ, ಮುಳ್ಳಯ್ಯನಗಿರಿ ಜೀಪಿನವರಿಗೆ, ಹೋಂಸ್ಟೇ ನಡೆಸುವ ಹೆಂಗಸರಿಗೆ ಏನು ಸಿಗುತ್ತದೆ ಹೇಳಿ?

ನೀವು ಹೊಗಳಿದ ಸಿಂಗಾಪುರವನ್ನೇ ನೋಡಿ. ಅಲ್ಲಿ ಕ್ಯಾಸಿನೋಗೆ ಹೋಗುವ ಪ್ರವಾಸಿಗರಿಗೆ ಪ್ರವೇಶ ಶುಲ್ಕ ಇಲ್ಲ. ಸ್ವಂತ ಪ್ರಜೆಗಳಿಗೆ, ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ ದಿನಕ್ಕೆ 150 ಸಿಂಗಾಪುರ ಡಾಲರ್. ತಮ್ಮ ಜನ ಜಾಸ್ತಿ ಹೋಗದಿರಲಿ ಅಂತಲೇ ಅಲ್ವಾ ಈ ಶುಲ್ಕ? ಕಾಫಿಗೆ ಒಳ್ಳೆ ದರ ಬಂದ ವರ್ಷ ಜೂಜಿಗೆ ಹೊರಟ ನಮ್ಮ ಹುಡುಗರನ್ನು ಯಾರು ತಡೆಯುತ್ತಾರೆ, ಅದನ್ನೂ ಬರೆಯಿರಿ.