ಬಸ್ಸಿಗೆ ಮಸಿ, ಚಪ್ಪಲಿಗೆ ಪಾಲಿಶ್

ಕೊಲ್ಹಾಪುರಕ್ಕ ಮಹಾಲಕ್ಷ್ಮಿ ದರ್ಶನಕ್ಕ ಹೋದಾಗ ಅಲ್ಲೇ ಚಪ್ಪಲ್ ಲೈನಿನಾಗ ಒಂದು ಜೋಡಿ ತಗೊಂಡೆ. "ಅಸಲಿ ಕೊಲ್ಹಾಪುರಿ, ಸಾಹೇಬ" ಅಂತ ಅಂಗಡಿಯಂವ ಎದಿ ಮುಟ್ಟಿ ಹೇಳಿದ. ಅಥಣಿಗೆ ಬಂದು ನಮ್ಮ ಓಣಿ ಕಾಕಾಗ ತೋರಿಸಿದ್ರ, ತಿರುವಿ ಮುರುವಿ ನೋಡಿ, ಹೆಣಿಗಿ ಮ್ಯಾಲೆ ಬೆರಳಾಡಿಸಿ, "ಇದು ನಿಮ್ಮ ಕಾಕೂನ ಕೈಯಾಗಿಂದಪಾ, ಸುಮ್ನ ಮನಿಗೆ ಬಂದಿದ್ರ ಅರ್ಧ ರೇಟಿಗೆ ಕೊಡ್ತಿದ್ದೆ" ಅಂದ. ಅಂದ್ರ ನಾ ಹಿಂದಿನ ಮನಿ ಚಪ್ಪಲಿ ತರಾಕ ಮಿರಜ್ ದಾಟಿ ಹೋಗಿ ಬಂದಿದ್ದೆ!

ಇದೇನು ಹೊಸಾ ಕಥಿ ಅಲ್ರಿ. ಕೊಲ್ಹಾಪುರ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಆಸರ ಕೊಟ್ರು, ಪ್ಯಾಟಿ ಕೊಲ್ಹಾಪುರದಾಗ ಬೆಳೀತು, ಹೆಸರೂ ಪ್ಯಾಟೀದ ನಿಂತ್ತು. ಈ ಕಡೆ ಅಥಣಿ, ನಿಪ್ಪಾಣಿ ಸಮಗಾರ ಮಂದಿ ಜಾಲಿ ತೊಗಟಿ, ಅಳಲೆಕಾಯಿ ನೀರಾಗ ಹದಾ ಮಾಡಿದ ಚರ್ಮ ಕೊಯ್ದು, ಒಂದ ಮೊಳಿನೂ ಹೊಡೀದಂಗ ಚರ್ಮದ ದಾರದಾಗನ ಹೊಲದು, ಹೆಣ್ಮಕ್ಕಳು ಬೆನ್ನು ಬಗ್ಗಿಸಿ ಹೆಣದು, ಗಡಿ ದಾಟಿಸಿ ಕಳಿಸ್ಕೋತನ ಬಂದ್ರು. ಗಡಿ ಜಗಳ ಜೋರಾದಾಗ ಎರಡೂ ಕಡೆ ಬಸ್ಸಿಗೆ ಮಸಿ ಬಳೀತಾರ, ಬೋರ್ಡ್ ಯಾವ ಭಾಷಾದಾಗೈತಿ ನೋಡ್ತಾರ, ಚಪ್ಪಲಿಗೆ ಮಾತ್ರ ಪಾಲಿಶ್! ಅದರ ಮಾತೃಭಾಷಾ ಯಾವುದಂತ ಒಬ್ರೂ ಕೇಳಂಗಿಲ್ಲ.

2019ರಾಗ ಈ ಚಪ್ಪಲಿಗೆ ಜಿಐ ಟ್ಯಾಗ್ (ಇದು ಇಂಥಾ ಸೀಮಿದು ಅಂತ ಸರ್ಕಾರ ಕೊಡೋ ಗುರುತು) ಬಂತು ನೋಡ್ರಿ, ಕರ್ನಾಟಕದ 4 ಜಿಲ್ಲಾ, ಮಹಾರಾಷ್ಟ್ರದ 4 ಜಿಲ್ಲಾ, ಸಮಪಾಲು. ಬೆಳಗಾವಿ ವಿಷಯದಾಗ ಒಂದಿಂಚೂ ಒಪ್ಪದ ಎರಡು ಸರ್ಕಾರ ಕಾಲಾಗಿನ ಕೆರಕ್ಕ ಒಂದಾದ್ವು. ಮಜಾ ಏನಂದ್ರ ಮಹಾರಾಷ್ಟ್ರ 2015ರಾಗ, ನಾವು 2021ರಾಗ ಗೋಹತ್ಯೆ ಕಾಯ್ದೆ ಬಿಗಿ ಮಾಡೀವಿ. ಚಪ್ಪಲಿಗೆ ಪಟ್ಟ ಕಟ್ಟಿದ್ದಾತು, ಚರ್ಮ ಎಲ್ಲಿಂದ ತರಬೇಕೋ ಕಾಕಾನ ನೋಡ್ಕೋಬೇಕು. (ಇದರ ಬಗ್ಗೆ ಹೆಚ್ಚಿಗಿ ಮಾತಾಡಂಗಿಲ್ಲ, ನನ್ನ ಕೆರ ನನ್ನ ಕಾಲಾಗ ಇರ್ಲಿ.)

ಆಮ್ಯಾಲೆ 2025ರ ಜೂನ್‌ನಾಗ ಮಿಲಾನ್‌ದಾಗ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರ ಹುಡುಗ್ರು ಇದನ್ನ ಮೆಟ್ಕೊಂಡು ಠೀವಿಲೆ ನಡದ್ರು, ಹೆಸರು ಬರೀ ಲೆದರ್ ಸ್ಯಾಂಡಲ್. ಆಗ ಎಲ್ಲಾರಿಗೂ ಒಮ್ಮೆಲೆ ಕಾಕಾನ ನೆನಪಾತು. ಆ ಕಡೇದವರು ನಮ್ಮ ಪರಂಪರೆ ಕದ್ರು ಅಂದ್ರು, ಈ ಕಡೆ ಪ್ರಿಯಾಂಕ್ ಖರ್ಗೆ ಅವರು ಅಥಣಿ, ನಿಪ್ಪಾಣಿ, ಚಿಕ್ಕೋಡಿಯವರ ಹೆಸರೂ ಹೇಳ್ರಿ ಅಂದ್ರು, ಜೀವಮಾನದಾಗ ಪ್ಲಾಸ್ಟಿಕ್ ಸ್ಲಿಪ್ಪರ್ ಬಿಟ್ಟು ಬ್ಯಾರೆ ಹಾಕದ ನಮ್ಮ ಗೆಳೆಯಾನೂ ಸ್ಟೇಟಸ್‌ಗೆ ಕೊಲ್ಹಾಪುರಿ ಫೋಟೋ ಇಟ್ಟ. ಡಿಸೆಂಬರ್‌ದಾಗ ಪ್ರಾಡಾದವರದು ಎರಡೂ ರಾಜ್ಯದ ಸರ್ಕಾರಿ ಚರ್ಮ ನಿಗಮಗಳಾದ ಲಿಡ್ಕರ್, ಲಿಡ್‌ಕಾಮ್ ಜೋಡಿ ಒಪ್ಪಂದ ಆತು: ಇಲ್ಲೇ ಮಾಡಿಸಿ 2,000 ಜೋಡಿ, ಒಂದಕ್ಕ ಸುಮಾರು 800 ಯೂರೋ.

ಕಾಕಾಗ ಹೇಳಿದೆ, ನಮ್ಮ ರೊಕ್ಕದಾಗ 80 ಸಾವಿರ ದಾಟ್ತೈತಿ ಅಂತ. ರಾಪಿ ಕೆಳಗಿಟ್ಟು ಜರಾ ಹೊತ್ತು ಸುಮ್ಮನಾದ.

"ಅಲ್ಲೋ ತಮ್ಮಾ, ಅಷ್ಟು ರೊಕ್ಕದ್ದು ಮೆಟ್ಕೊಂಡು ಗುಡಿಗೆ ಹ್ವಾದ್ರ, ಹೊರಗ ಯಾರ್ನ ಕಾವಲಿಗೆ ಕುಂದ್ರಸ್ತಾರ?"